ಅಂಕ ಹೆಚ್ಚಿದ್ದರೂ ಸೀಟು ಯಾಕೆ ಸಿಗಲಿಲ್ಲ?

ನಿಮ್ಮ ಮಗಳಿಗೆ ಅಮೆರಿಕದ ಕಾಲೇಜು ಇಲ್ಲ ಅಂದಿತು, ಅವಳಿಗಿಂತ ಕಡಿಮೆ ಅಂಕದ ಸಹಪಾಠಿಗೆ ಸೀಟು ಕೊಟ್ಟಿತು, ಇದು ಮೋಸ ಅಲ್ಲವೇ ಅಂತ ಕೇಳಿದ್ದೀರಿ. ಬೇಜಾರಾಗುವುದು ಸಹಜ. ಆದರೆ ಮೋಸ ಅನ್ನುವುದಕ್ಕಿಂತ, ಅಲ್ಲಿನ ಲೆಕ್ಕಾಚಾರವೇ ಬೇರೆ.

ಪೈಪೋಟಿ ಹೆಚ್ಚಿರುವ ಖಾಸಗಿ ಕಾಲೇಜುಗಳಲ್ಲಿ ರ‍್ಯಾಂಕ್ ಪಟ್ಟಿ ಹಿಡಿದು ಮೇಲಿನಿಂದ ಕರೆಯುವ ಪದ್ಧತಿ ಇಲ್ಲ. ಅಂಕ ಮೊದಲ ಜರಡಿ ಅಷ್ಟೇ. ಅದನ್ನು ದಾಟಿದವರೇ ಸೀಟುಗಳಿಗಿಂತ ಎಷ್ಟೋ ಪಟ್ಟು ಜನ ಇರುತ್ತಾರೆ. ಆಮೇಲೆ ಪ್ರಬಂಧ, ಶಿಕ್ಷಕರ ಪತ್ರ, ತನ್ನ ಶಾಲೆಯಲ್ಲಿ ಸಿಗುತ್ತಿದ್ದ ಕಷ್ಟದ ವಿಷಯಗಳನ್ನು ಆಯ್ದುಕೊಂಡಿದ್ದಳೇ ಎಂಬುದು. ಇಷ್ಟೂ ಸರಿಯಿದ್ದರೂ ಕಾಲೇಜಿನ ಸ್ವಂತ ಅಗತ್ಯ ಇದೆಯಲ್ಲ, ಅದು ಹೊರಗಿನವರಿಗೆ ಕಾಣುವುದೇ ಇಲ್ಲ: ಆ ವರ್ಷ ವಾದ್ಯವೃಂದಕ್ಕೆ ಚೆಲ್ಲೋ ನುಡಿಸುವವರು ಬೇಕಿರಬಹುದು, ಯಾವುದೋ ವಿಭಾಗದಲ್ಲಿ ವಿದ್ಯಾರ್ಥಿಗಳೇ ಇಲ್ಲದಿರಬಹುದು.

ಇನ್ನೊಂದು, ಸೀಟು ಕೊಟ್ಟರೆ ಇವಳು ಬರುತ್ತಾಳೆಯೇ ಅನ್ನುವ ಅಂದಾಜು. 'ಅರ್ಲಿ ಡಿಸಿಷನ್' ಎಂಬ ಮುಂಗಡ ಅರ್ಜಿಯಲ್ಲಿ, ಸಿಕ್ಕರೆ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟವರಿಗೆ ಅನೇಕ ಕಡೆ ಅನುಕೂಲ. ಸಹಪಾಠಿ ಹಾಗೆ ಹಾಕಿದ್ದನೇ, ವಿಚಾರಿಸಿ.

ಹಣಕಾಸಿನ ನೆರವು ಕೇಳಿದ್ದಿರಾ? ಹಾರ್ವರ್ಡ್, ಎಂಐಟಿಯಂಥ ಕೆಲವೇ ಕಡೆ ವಿದೇಶಿ ವಿದ್ಯಾರ್ಥಿಗಳ ಆಯ್ಕೆಯಲ್ಲೂ ಅದನ್ನು ಪರಿಗಣಿಸುವುದಿಲ್ಲ. ಬಹುತೇಕ ಕಾಲೇಜುಗಳಲ್ಲಿ ಪರಿಗಣಿಸುತ್ತಾರೆ, ನೆರವು ಕೇಳಿದವರಿಗೆ ಸೀಟು ಸಿಗುವುದು ಕಷ್ಟವಾಗಬಹುದು. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಮಣೆ ಹಾಕುವುದೂ ಕೆಲವೆಡೆ ಉಂಟು, ನನಗಂತೂ ಅದು ಸಮರ್ಥಿಸಲಾಗದ ಪದ್ಧತಿ. ಜನಾಂಗವನ್ನು ನೋಡಿ ಕೊಡುವ ಆದ್ಯತೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತಳ್ಳಿಹಾಕಿದೆ, ಹಾಗಾಗಿ ಆ ಅನುಮಾನ ಬಿಡಿ.