ಶನಿವಾರ ಬಿಟ್ಟುಕೊಟ್ಟರೆ ಶಾಲೆಯ ವಾರ ಹಗುರಾಗುವುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಕಚೇರಿ ನೌಕರರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಿದೆ, ನಮಗಿಲ್ಲ. ಶಾಲೆಗೂ ಐದು ದಿನಗಳ ವಾರ ಬಂದರೆ ಪಾಠದ ತಯಾರಿಗೆ ಸಮಯ ಸಿಕ್ಕೀತು, ಮಕ್ಕಳಿಗೂ ಬಿಡುವು ಸಿಕ್ಕೀತು ಎಂಬುದು ನಮ್ಮ ಅನಿಸಿಕೆ. ಇದಕ್ಕೆ ಅಡ್ಡಿ ಏನು?

ಉತ್ತರ: ನಿಮ್ಮ ದಣಿವು ನಿಜ. ಆದರೆ ಅದಕ್ಕೆ ಶನಿವಾರವೇ ಮದ್ದು ಎಂಬುದನ್ನು ನಾನು ಒಪ್ಪಲಾರೆ.

ಮೊದಲನೆಯ ಅಡ್ಡಿ ಕಾನೂನಿನದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಬೋಧನಾ ಗಂಟೆಗಳನ್ನೂ, ಆರರಿಂದ ಎಂಟನೆಯ ತರಗತಿಗೆ 220 ದಿನ ಮತ್ತು 1000 ಗಂಟೆಗಳನ್ನೂ ನಿಗದಿಪಡಿಸಿದೆ. ನಮ್ಮಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗಿನ ಬೇಸಿಗೆ ರಜೆ 48 ದಿನ, ದಸರಾ ರಜೆ ಸುಮಾರು 18 ದಿನ. ಇವೆರಡನ್ನೂ ಭಾನುವಾರಗಳನ್ನೂ ಹಬ್ಬಹರಿದಿನಗಳನ್ನೂ ಕಳೆದರೆ ಉಳಿಯುವುದು 240ರ ಆಸುಪಾಸು. ಅದರಿಂದ ನಲವತ್ತು ಶನಿವಾರಗಳನ್ನು ತೆಗೆಯಿರಿ, 200ಕ್ಕೆ ಬಂದು ನಿಲ್ಲುತ್ತೀರಿ. ಕಿರಿಯ ತರಗತಿಗಳಿಗೆ ಅದು ಹೇಗೋ ಸಾಕಾದೀತು. ಆರು, ಏಳು, ಎಂಟಕ್ಕೆ ಸಾಲದು. ದಿನಕ್ಕೊಂದು ಪೀರಿಯಡ್ ಹೆಚ್ಚಿಸಿ ಗಂಟೆಗಳ ಲೆಕ್ಕವನ್ನೇನೋ ಸರಿದೂಗಿಸಬಹುದು, ಆದರೆ ಕಾಯ್ದೆ ದಿನಗಳನ್ನು ಬೇರೆಯಾಗಿಯೇ ಎಣಿಸುತ್ತದೆ. ಹಾಗಾಗಿ ಐದು ದಿನಗಳ ವಾರ ಬೇಕೆಂದರೆ ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಬಿಟ್ಟುಕೊಡಬೇಕಾಗುತ್ತದೆ. 2019ರಲ್ಲಿ ಕಚೇರಿ ನೌಕರರಿಗೆ ನಾಲ್ಕನೆಯ ಶನಿವಾರ ಸಿಕ್ಕಿದ್ದೂ ಪುಕ್ಕಟೆಯಾಗಿ ಅಲ್ಲ, ಅವರ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿಯಿತು.

ಎರಡನೆಯದು ಅನ್ನದ ಮಾತು. 2024ರಿಂದ ನಮ್ಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರದ ಆರೂ ದಿನ ಮೊಟ್ಟೆ ಕೊಡಲಾಗುತ್ತಿದೆ. ಶನಿವಾರ ಶಾಲೆಯ ಬಾಗಿಲು ಹಾಕಿದರೆ ಒಂದು ಮೊಟ್ಟೆ, ಒಂದು ಊಟ ತಟ್ಟೆಯಿಂದ ಹೋಯಿತೆಂದೇ ಲೆಕ್ಕ. 2023ರ ಬರದ ನಂತರ ಬೇಸಿಗೆ ರಜೆಯಲ್ಲೂ ಬಿಸಿಯೂಟ ನೀಡಬೇಕಾಗಿ ಬಂದ ರಾಜ್ಯ ನಮ್ಮದು ಎಂಬುದನ್ನು ಮರೆಯುವಂತಿಲ್ಲ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಇಬ್ಬರು ಶಿಕ್ಷಕರ ಶಾಲೆಯೊಂದರಲ್ಲಿ ಒಂದು ಬೆಳಿಗ್ಗೆ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಬ್ಬರು ತರಬೇತಿಗೆ ಹೋಗಿದ್ದರು. ಉಳಿದ ಮೇಷ್ಟ್ರು ಎರಡು ಕೊಠಡಿಗಳ ನಡುವಿನ ಬಾಗಿಲಲ್ಲಿ ನಿಂತು ನಾಲ್ಕನೆಯ ತರಗತಿಗೆ ಭಿನ್ನರಾಶಿ ಹೇಳುತ್ತಿದ್ದರು. ಒಂದು ರೊಟ್ಟಿಯ ಚಿತ್ರ ಬರೆದು ನಾಲ್ಕು ಪಾಲು ಮಾಡುವಷ್ಟರಲ್ಲಿ ಬಿಸಿಯೂಟದ ಹಾಜರಿ ಕಳುಹಿಸುವಂತೆ ಮೊಬೈಲ್ ಸದ್ದು ಮಾಡಿತು. ಮತ್ತೆ ಚಾಕ್‌ಪೀಸ್ ಹಿಡಿದರು. ವ್ಯಾಸಂಗ ಪ್ರಮಾಣಪತ್ರ ಕೇಳಿಕೊಂಡು ಪೋಷಕರೊಬ್ಬರು ಬಾಗಿಲಿಗೆ ಬಂದರು. ಮೂರನೆಯ ಬಾರಿ ಹಲಗೆಯತ್ತ ತಿರುಗಿದಾಗ, ಯಾವುದೋ ಮಾಹಿತಿಯನ್ನು ಆ ಕೂಡಲೇ ಭರ್ತಿ ಮಾಡಬೇಕೆಂಬ ಕರೆ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಪಾಠ ನಡೆದದ್ದು ನನ್ನ ಗಡಿಯಾರದ ಪ್ರಕಾರ ಹದಿನೇಳು ನಿಮಿಷ. ಆ ರೊಟ್ಟಿಯ ಮುಕ್ಕಾಲು ಪಾಲು ಎಷ್ಟೆಂದು ಮಕ್ಕಳಿಗೆ ಅಂದು ತಿಳಿಯಲೇ ಇಲ್ಲ.

ಅದೇ ಅನುಸೂಚಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆಗಳ ಕೆಲಸವನ್ನು ಹೇಳುತ್ತದೆ, ಮತ್ತು ಪಾಠದ ತಯಾರಿಯೂ ಅದರೊಳಗೇ ಸೇರಿದೆ ಎನ್ನುತ್ತದೆ. ಆ ತಯಾರಿಯ ಗಂಟೆಗಳು ವೇಳಾಪಟ್ಟಿಯಲ್ಲಿ ಎಲ್ಲಿವೆ? ಪಾಠ ಟಿಪ್ಪಣಿ ಬರೆಯುವುದು ರಾತ್ರಿ ಊಟವಾದ ಮೇಲೆ. ಕಾಯ್ದೆಯ 27ನೆಯ ಪ್ರಕರಣದಂತೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರಾವ ಬೋಧಕೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸುವಂತಿಲ್ಲ. ಆದರೂ 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಲಾಯಿತು. ಅದು ರಜೆ ಮಕ್ಕಳಿಗೆ ಮಾತ್ರ. ಮೇಷ್ಟ್ರುಗಳು ಮನೆಮನೆಯ ಮೆಟ್ಟಿಲು ಹತ್ತುತ್ತಿದ್ದರು, ತಪ್ಪಿದ ಪಾಠವನ್ನು ಆಮೇಲೆ ಹೆಚ್ಚುವರಿ ತರಗತಿಗಳಲ್ಲಿ ತುಂಬಿಕೊಡುವ ಹೊಣೆಯೂ ಅವರದೇ ಆಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು: ಶನಿವಾರ ಬೆಳಗಿನ ಶಾಲೆ ಇರಲಿ, ಸಾಮೂಹಿಕ ಕವಾಯತು ಇರಲಿ, ಊಟವೂ ಇರಲಿ, ತಿಂಗಳಲ್ಲಿ ಎರಡು ಶನಿವಾರವಾದರೂ ಮಕ್ಕಳು ಹೊರಟ ನಂತರದ ಅವಧಿಯನ್ನು ಸಭೆ, ತರಬೇತಿ, ಮಾಹಿತಿ ಭರ್ತಿ ಯಾವುದೂ ನುಸುಳದಂತೆ ಪಾಠದ ತಯಾರಿಗೆಂದೇ ಲಿಖಿತ ಆದೇಶದ ಮೂಲಕ ಕಾಯ್ದಿರಿಸಬೇಕು. ಮೂರನೆಯ ಶನಿವಾರದ ಬ್ಯಾಗ್‌ರಹಿತ ‘ಸಂಭ್ರಮ ಶನಿವಾರ’ ಈಗಾಗಲೇ ಇದೆ. ಆ ದಿನ ಊರಿನ ಬುಟ್ಟಿ ಹೆಣೆಯುವವರನ್ನೋ ಜೇನು ಸಾಕುವವರನ್ನೋ ಕರೆಸಿದರೆ ಮಕ್ಕಳಿಗೆ ಅದೇ ಪಾಠ, ನಿಮಗೂ ಒಂದು ಗಂಟೆ ಉಳಿದೀತು. ಇಬ್ಬರೇ ಶಿಕ್ಷಕರಿರುವ ಕಡೆ ಇದು ಸುಲಭವಲ್ಲ ಎಂಬುದನ್ನು ಬಲ್ಲೆ. ಅಲ್ಲಿ ಬೇಕಿರುವುದು ಮೂರನೆಯ ಶಿಕ್ಷಕರು, ಹೊಸ ವೇಳಾಪಟ್ಟಿ ಅಲ್ಲ.

ಪ್ರಶ್ನೆ: ಅಮೆರಿಕದ ಕೊಲೊರಾಡೊದಲ್ಲಿರುವ ನನ್ನ ತಂಗಿಯ ಮಕ್ಕಳಿಗೆ ವಾರಕ್ಕೆ ನಾಲ್ಕೇ ದಿನ ಶಾಲೆ. ಅಲ್ಲಿ ಆಗುವುದು ಇಲ್ಲಿ ಏಕೆ ಆಗದು? (ಪೋಷಕರು, ಬೆಂಗಳೂರು)

ಉತ್ತರ: ಅಲ್ಲಿಯೂ ಅದು ಮಕ್ಕಳ ಕಲಿಕೆಗೆಂದು ಹುಟ್ಟಿದ ಯೋಚನೆಯಲ್ಲ. ಬಹುತೇಕ ಗ್ರಾಮೀಣ ಶಾಲಾ ಜಿಲ್ಲೆಗಳು ಬಸ್ಸಿನ ಖರ್ಚು ಉಳಿಸಲು ಮತ್ತು ಹೆಚ್ಚು ಸಂಬಳ ಕೊಡಲಾಗದೆಡೆ ಶಿಕ್ಷಕರನ್ನು ಉಳಿಸಿಕೊಳ್ಳಲು ಈ ದಾರಿ ಹಿಡಿದವು. ಅದಕ್ಕಾಗಿ ಉಳಿದ ನಾಲ್ಕು ದಿನಗಳು ಉದ್ದವಾದವು. ಫ್ರಾನ್ಸ್ ಇನ್ನೂ ಒಳ್ಳೆಯ ಉದಾಹರಣೆ. ಅಲ್ಲಿ ಪ್ರಾಥಮಿಕ ಶಾಲೆಯ ವಾರವನ್ನು 2008ರಲ್ಲಿ ನಾಲ್ಕು ದಿನಕ್ಕೆ ಇಳಿಸಿದರು, ಮಕ್ಕಳಿಗೆ ದಿನ ಭಾರವಾಯಿತೆಂದು 2013ರಲ್ಲಿ ನಾಲ್ಕೂವರೆ ದಿನ ಮಾಡಿದರು, 2017ರಲ್ಲಿ ಬೇಕಾದವರು ನಾಲ್ಕಕ್ಕೆ ಮರಳಬಹುದೆಂದರು. ಹೆಚ್ಚಿನ ಊರುಗಳು ಮರಳಿದವು. ಶಾಲೆಯಿಲ್ಲದ ಆ ದಿನ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆಂದು ನಿಮ್ಮ ತಂಗಿಯನ್ನು ಕೇಳಿ. ಕೂಲಿಗೆ ಹೋಗುವ ನಮ್ಮ ಊರಿನ ತಾಯಿಯನ್ನು ಅದನ್ನೇ ಕೇಳಿದರೆ ಬಹಳ ಸಲ ಬರುವ ಉತ್ತರ ಮನೆಯ ದೊಡ್ಡ ಮಗಳ ಹೆಸರು, ಅಂದರೆ ಅವಳ ಶಾಲೆಗೂ ಕುತ್ತು.

ಪ್ರಶ್ನೆ: ನಮ್ಮ ಉಡುಪಿ ಜಿಲ್ಲೆಯಲ್ಲಿ ಜೂನ್–ಜುಲೈ ತುಂಬ ಮಳೆ ರಜೆ, ಆಮೇಲೆ ಅದನ್ನು ತುಂಬಲು ಶನಿವಾರ ಪೂರ್ತಿ ದಿನ ಶಾಲೆ. ರಜೆಯನ್ನೇ ಮಳೆಗಾಲಕ್ಕೆ ಬದಲಾಯಿಸಬಾರದೇ? (ಶಾಲಾಭಿವೃದ್ಧಿ ಸಮಿತಿ ಸದಸ್ಯರು, ಕಾರ್ಕಳ)

ಉತ್ತರ: ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಆಗುಂಬೆಯ ಮಳೆಗೂ ರಾಯಚೂರಿನ ಬಿಸಿಲಿಗೂ ಒಂದೇ ಶೈಕ್ಷಣಿಕ ಪಂಚಾಂಗ ಎಂಬುದು ಆಡಳಿತದ ಅನುಕೂಲಕ್ಕೆ ಹುಟ್ಟಿದ ಏರ್ಪಾಡು. ರಾಯಚೂರು, ಕಲಬುರಗಿಗಳಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೇ ತಗಡಿನ ಮಾಡಿನ ಕೊಠಡಿಗಳು ಕಾದ ಹಂಚಾಗಿರುತ್ತವೆ. ನಿಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತೋಡಿನ ಮೇಲಿನ ಕಾಲುಸಂಕ ದಾಟುವ ಮಗು ಶಾಲೆ ಮುಟ್ಟುವವರೆಗೆ ತಾಯಿಗೆ ನೆಮ್ಮದಿಯಿಲ್ಲ. ಮಳೆ ರಜೆಯ ಇನ್ನೊಂದು ಕಷ್ಟವೆಂದರೆ ಅದು ಬಿಡಿಬಿಡಿಯಾಗಿ ಬರುತ್ತದೆ. ಹಿಂದಿನ ರಾತ್ರಿ ಜಿಲ್ಲಾಧಿಕಾರಿಗಳ ಪ್ರಕಟಣೆ ನಿಜವೋ ವಾಟ್ಸ್‌ಆ್ಯಪ್‌ನ ಸುಳ್ಳೋ ಎಂದು ತಿಳಿಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ, ಅಂಥ ದಿನದಿಂದ ವಿಶ್ರಾಂತಿಯೂ ಇಲ್ಲ, ಪಾಠವೂ ಇಲ್ಲ. ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿ ಅವರು 2025ರಲ್ಲಿ ಏಪ್ರಿಲ್–ಮೇ ರಜೆಯನ್ನು ಜೂನ್–ಜುಲೈಗೆ ಒಯ್ಯುವ ಕುರಿತು ಸಾರ್ವಜನಿಕ ಚರ್ಚೆಗೆ ಕರೆ ಕೊಟ್ಟದ್ದು ಇದೇ ಕಾರಣಕ್ಕೆ.

ಆದರೆ ಇಡೀ ರಜೆಯನ್ನು ಸ್ಥಳಾಂತರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಪಾಠ ಕೇಳುವುದೂ ಶಿಕ್ಷೆಯೇ, ಮದುವೆ, ದೈವಗಳ ನೇಮ, ಯಕ್ಷಗಾನ ಮೇಳಗಳ ತಿರುಗಾಟ ಇರುವುದೂ ಆಗಲೇ. ಬೇಸಿಗೆಯ 48 ದಿನಗಳಿಂದ ಹತ್ತು ಹನ್ನೆರಡು ದಿನಗಳನ್ನು ಮಾತ್ರ ಬೇರ್ಪಡಿಸಿ ಜುಲೈ ನಡುವಿನಲ್ಲಿ ಒಟ್ಟಾಗಿ ಕೊಟ್ಟರೆ ಮಳೆ ರಜೆಯ ಬಹುಭಾಗ ಅದರೊಳಗೆ ಅಡಗೀತು. ಎಸ್ಸೆಸ್ಸೆಲ್ಸಿ ಪರೀಕ್ಷೆ ರಾಜ್ಯಕ್ಕೆಲ್ಲ ಒಂದೇ ಆದ್ದರಿಂದ ಮೊದಲಿಗೆ ಒಂದರಿಂದ ಏಳನೆಯ ತರಗತಿಗೆ ಮಾತ್ರ ಪ್ರಯತ್ನಿಸುವುದು ಕ್ಷೇಮ. ಪಠ್ಯಪುಸ್ತಕ ಪೂರೈಕೆ, ವರ್ಗಾವಣೆಗಳ ಕಾಲವನ್ನೂ ಇದಕ್ಕೆ ಹೊಂದಿಸಬೇಕಾದೀತು.

ಇದಕ್ಕೆ ಹೊಸ ಕಾನೂನು ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 9ನೆಯ ಪ್ರಕರಣವು ಶೈಕ್ಷಣಿಕ ಪಂಚಾಂಗವನ್ನು ನಿರ್ಧರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯಗಳಲ್ಲಿ ಒಂದೆಂದು ಸ್ಪಷ್ಟವಾಗಿ ಹೇಳಿದೆ. ನಾವೇ ಅದನ್ನು ಬೆಂಗಳೂರಿಗೆ ಬಿಟ್ಟುಕೊಟ್ಟು ಕುಳಿತಿದ್ದೇವೆ. ನಿಮ್ಮ ಭಾಗದಲ್ಲೇ ಪೂರ್ವನಿದರ್ಶನವೂ ಇದೆ: ಕ್ರಿಸ್‌ಮಸ್ ರಜೆ ಬೇಕಾದ ಶಾಲೆಗಳು ದಸರಾ ರಜೆಯಲ್ಲಿ ಅಷ್ಟು ದಿನ ಕಡಿಮೆ ಮಾಡಿಕೊಂಡು ಇಲಾಖೆಯ ಒಪ್ಪಿಗೆಯಿಂದ ಹೊಂದಿಸಿಕೊಂಡಿವೆ. ಮಳೆ ಶುರುವಾದ ಮೇಲೆ ಮನವಿ ಕೊಟ್ಟರೆ ಯಾರೂ ಏನೂ ಮಾಡಲಾರರು, ಅಷ್ಟರಲ್ಲಿ ಆ ವರ್ಷದ ಶಾಲಾದಿನ, ರಜೆಗಳನ್ನು ತಿಳಿಸುವ ಇಲಾಖೆಯ ಮಾರ್ಗದರ್ಶಿ ಸುತ್ತೋಲೆ ಹೊರಟಿರುತ್ತದೆ. ಹಿಂದಿನ ಎರಡು ಮೂರು ವರ್ಷಗಳಲ್ಲಿ ನಿಮ್ಮ ಶಾಲೆಗೆ ಯಾವ ಯಾವ ದಿನ ಮಳೆ ರಜೆ ಬಂತೆಂಬುದನ್ನು ಹಾಜರಿ ಪುಸ್ತಕದಿಂದ ಪಟ್ಟಿ ಮಾಡಿ, ಸಮಿತಿಯ ಠರಾವಿನೊಂದಿಗೆ ಜನವರಿಯಲ್ಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಗೂ ಸಲ್ಲಿಸಿ. ಪಕ್ಕದ ನಾಲ್ಕಾರು ಶಾಲೆಗಳ ಪಟ್ಟಿಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.