ಅಕ್ಕ ಮಗನಿಗೆ ಲಸಿಕೆ ಬೇಡ ಅಂತಾಳೆ, ಎಲ್ಲರೆದುರೇ ಜಗಳ ಆಗೋಯ್ತು

ಪ್ರಶ್ನೆ: ನಮ್ಮಕ್ಕ ಎರಡು ವರ್ಷದ ಮಗನಿಗೆ ದಡಾರದ ಲಸಿಕೆ ಹಾಕಿಸಿಲ್ಲ. ಆಟಿಸಂ (ಮಾತಾಡೋದು, ಬೇರೆಯವರ ಜೊತೆ ಬೆರೆಯೋದು ಕಷ್ಟ ಆಗೋ ಬೆಳವಣಿಗೆ ತೊಂದರೆ) ಬರತ್ತೆ, ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ, ಇದ್ದಿದ್ದನ್ನ ಮುಚ್ಚಿಡ್ತಾರೆ ಅಂತಾಳೆ. ಮನೆಯವರೆಲ್ಲಾ ಇದ್ದಾಗ ನಿನಗೆ ಬುದ್ಧಿ ಇಲ್ವಾ ಅಂದ್ಬಿಟ್ಟೆ, ಈಗ ಮಾತು ಬಿಟ್ಟಿದಾಳೆ. ನನಗೆ ಐದು ತಿಂಗಳ ಮಗು ಇದೆ. ಸುಮ್ನಿರ್ಲಾ, ವಾದ ಮಾಡ್ಲಾ?

ಉತ್ತರ: ಎರಡೂ ಬೇಡ. ಮೊದಲು ಫೋನ್ ಮಾಡಿ, ಎಲ್ಲರ ಮುಂದೆ ಹಾಗಂದಿದ್ದು ತಪ್ಪಾಯ್ತು ಅಕ್ಕ ಅನ್ನಿ, ಅವತ್ತು ಲಸಿಕೆ ಮಾತೇ ಎತ್ತಬೇಡಿ. ಲಸಿಕೆ ಹಾಕಿಸ್ಬೇಕು ಅನ್ನೋ ನಿಮ್ಮ ಮಾತು ಸರಿನೇ, ಆದ್ರೆ ನಾಲ್ಕು ಜನ ನೋಡ್ತಿರುವಾಗ ಯಾರೂ ಹಿಡಿದ ಪಟ್ಟು ಬಿಡಲ್ಲ.

ಆಮೇಲೆ ಇಬ್ಬರೇ ಇದ್ದಾಗ ಏನು ಭಯ ಅಂತ ಕೇಳಿ, ಪೂರ್ತಿ ಕೇಳಿ. ಈ ಆಟಿಸಂ ಭಯ ಹಬ್ಬಿದ್ದು 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಬ್ರಿಟಿಷ್ ಡಾಕ್ಟರು ಬರೀ 12 ಮಕ್ಕಳ ಮೇಲೆ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬರೆದ ಲೇಖನದಿಂದ, ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕೋಕೆ ಹೊರಟಿದ್ದ ಲಾಯರ್ ಕಡೆಯಿಂದ ಅವರಿಗೆ ದುಡ್ಡು ಬಂದಿತ್ತು ಅನ್ನೋದು ಆಮೇಲೆ ಗೊತ್ತಾಯ್ತು, 2010ರಲ್ಲಿ ಪತ್ರಿಕೆ ಲೇಖನ ವಾಪಸ್ ತಗೊಳ್ತು, ಅದೇ ವರ್ಷ ಅವರ ವೈದ್ಯ ನೋಂದಣಿನೂ ಹೋಯ್ತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನ ವರ್ಷಗಟ್ಟಲೆ ಗಮನಿಸಿ 2019ರಲ್ಲಿ ವರದಿ ಬಂತು, ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಒಮ್ಮತ ಅಂದ್ರೆ ಇದೇ ರೀ, ಕೂತು ಕೈ ಎತ್ತಿ ಓಟು ಹಾಕೋದಲ್ಲ, ಬೇರೆ ಬೇರೆ ದೇಶದವರು ತಪ್ಪು ಹುಡುಕೋಕೆ ಹೋಗಿ ಕೊನೆಗೆ ಒಂದೇ ಉತ್ತರಕ್ಕೆ ಬಂದು ನಿಲ್ಲೋದು.

ಲಸಿಕೆ ಹಾಕಿಸಿದ ಮೇಲೇ ಮಗು ಹಿಂಗಾಯ್ತು ಅಂತ ಯಾರಾದ್ರೂ ತಾಯಿ ಅವಳ ಹತ್ರ ಹೇಳಿದ್ರೆ, ಆ ತಾಯಿ ಸುಳ್ಳು ಹೇಳ್ತಿದಾಳೆ ಅನ್ನಬೇಡಿ. ಆಟಿಸಂ ಲಕ್ಷಣ ಹೆತ್ತವರ ಕಣ್ಣಿಗೆ ಬೀಳೋದೂ ಹೆಚ್ಚುಕಮ್ಮಿ ಈ ಲಸಿಕೆ ಹಾಕೋ ವಯಸ್ಸಲ್ಲೇ, ಅದಕ್ಕೇ ಒಂದರಿಂದ ಇನ್ನೊಂದು ಆಯ್ತು ಅನ್ಸತ್ತೆ.

ಮುಚ್ಚಿಡ್ತಾರೆ ಅಂದ್ರೆ ರೋಟಾಶೀಲ್ಡ್ ಕಥೆ ಹೇಳಿ. ಮಕ್ಕಳ ಭೇದಿಗೆ ಅಂತ 1998ರಲ್ಲಿ ಅಮೆರಿಕದಲ್ಲಿ ಬಂದ ಲಸಿಕೆ ಅದು, ಕೆಲವು ಮಕ್ಕಳಿಗೆ ಕರುಳು ಒಂದರೊಳಗೊಂದು ಸೇರ್ಕೊಳ್ಳೋ ತೊಂದರೆ ಕಂಡಿದ್ದೇ 1999ರಲ್ಲೇ ನಿಲ್ಲಿಸಿಬಿಟ್ರು. ಹಿಡಿದಿದ್ದು ಲಸಿಕೆ ಮೇಲೆ ಕಣ್ಣಿಟ್ಟಿದ್ದ ವ್ಯವಸ್ಥೆನೇ. ದಡಾರದ ಲಸಿಕೆಯಿಂದಲೂ ಜ್ವರ, ಗುಳ್ಳೆ ಬರಬಹುದು, ಅಪರೂಪಕ್ಕೆ ಜ್ವರದ ಫಿಟ್ಸೂ ಬರತ್ತೆ, ಅದನ್ನ ನೀವೇ ಮೊದಲು ಒಪ್ಕೊಳ್ಳಿ, ಆಗ ಉಳಿದ ಮಾತಿಗೂ ಕಿವಿ ಕೊಡ್ತಾಳೆ.

ನಿಮ್ಮ ಕೂಸಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ದಡಾರ ಇದ್ದವರು ಎದ್ದು ಹೋದ್ಮೇಲೂ ವೈರಸ್ ಆ ರೂಮಿನ ಗಾಳೀಲಿ ಎರಡು ಗಂಟೆವರೆಗೂ ಇರಬಹುದು, ಗುಳ್ಳೆ ಏಳೋಕೆ ನಾಲ್ಕು ದಿನ ಮುಂಚೆನೇ ಹರಡತ್ತೆ. ಸುತ್ತಮುತ್ತ ದಡಾರ ಇದೆ ಅಂತ ಗೊತ್ತಾದ್ರೆ ಮಕ್ಕಳನ್ನ ಸೇರಿಸಬೇಡಿ, ಕೋಪಕ್ಕಲ್ಲ, ಈ ಲಸಿಕೆಗೆ ಇವಳಿನ್ನೂ ಚಿಕ್ಕೋಳು ಅಕ್ಕ ಅಂತ ಸೀದಾ ಹೇಳಿ, ನಿಮ್ಮ ಮಕ್ಕಳ ಡಾಕ್ಟರನ್ನೂ ಕೇಳಿ.

ಅಕ್ಕನ ಪ್ರಶ್ನೆಗಳನ್ನೆಲ್ಲಾ ಬರ್ಕೊಂಡು ಅವಳ ಜೊತೆ ಡಾಕ್ಟರ್ ಹತ್ರ ನೀವೂ ಹೋಗಿ, ಅಲ್ಲಿ ಅವಳೇ ಮಾತಾಡ್ಲಿ. ಒಪ್ಪಿ ಹಾಕಿಸಿದ್ರೆ ಮನೇಲಿ ಯಾರಿಗೂ ನೀವಾಗಿ ಹೇಳೋಕೆ ಹೋಗಬೇಡಿ.