ಶಿವಡಿಯ ಫ್ಲೆಮಿಂಗೊ: ಗಡಿಯಾರ ಅಲ್ಲ, ಸಮುದ್ರದ ಭರತ ನೋಡಿ

ಮುಂಬೈಯ ಮಾಟುಂಗದಿಂದ ಶಿವಡಿ ಜೆಟ್ಟಿಗೆ ಫ್ಲೆಮಿಂಗೊ ನೋಡಲು ಹೋದಾಗ ಒಂದು ಭಾನುವಾರ ದೂರದ ಗುಲಾಬಿ ಚುಕ್ಕಿಗಳು, ಮುಂದಿನ ಭಾನುವಾರ ಅದೇ ಏಳು ಗಂಟೆಗೆ ಬರೀ ನೀರು ಅಂದಿರಲ್ಲ, ಕಾರಣ ಬಹುಶಃ ಋತು ಅಲ್ಲ, ಭರತ-ಇಳಿತ, ಅಂದರೆ ಸಮುದ್ರದ ನೀರು ಏರಿ ಇಳಿಯುವುದು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವಾರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ನೀರು ಪೂರ್ತಿ ಇಳಿದಾಗ ಹಕ್ಕಿಗಳು ಕೆಸರಿನ ದೂರದ ಅಂಚಿಗೆ ಹೋಗುತ್ತವೆ. ತುಂಬಿದಾಗ ನಿಲ್ಲಲು ಕೆಸರೇ ಇರುವುದಿಲ್ಲ.

ಮೊದಲು ಮುಂಬೈಯ ಭರತದ ವೇಳಾಪಟ್ಟಿ ನೋಡಿ. ನೀರು ತುಂಬುವ ಎರಡು-ಮೂರು ಗಂಟೆ ಮುಂಚೆ ಹೋಗಿ ನಿಂತುಬಿಡಿ. ಏರುವ ನೀರೇ ಅವನ್ನು ನಿಮ್ಮ ಕಡೆ ತಳ್ಳುತ್ತದೆ. ಆಗ ಕ್ಯಾಮೆರಾ ಬಿಟ್ಟು ಸುಮ್ನೆ ನೋಡಿ. ಕೊಕ್ಕು ತಲೆಕೆಳಗು ಮಾಡಿ ಕೆಸರುನೀರು ಸೋಸುವುದು ಎಷ್ಟು ಚಂದ!

ಟಿಪ್ಪಣಿಯಲ್ಲಿ ತಾರೀಖಿನ ಪಕ್ಕ ಭರತದ ಹೊತ್ತೂ ಬರೆಯಿರಿ. ಇಲ್ಲದಿದ್ದರೆ ಅವು ಮಳೆಗಾಲಕ್ಕೆ ಹೊರಟಿದ್ದಾ, ಬರೀ ನೀರು ಏರಿದ್ದಾ ಅಂತ ಆಮೇಲೆ ಗೊತ್ತಾಗುವುದಿಲ್ಲ.